ಜೋಳದ ಹೊಲದ ಇಲಿಗೂ ಹ್ಯಾಮ್‌ಸ್ಟರ್‌ಗೂ ಏನು ನಂಟು?

ಎರೆಹೊಲ (ಅಕ್ಕಲಕೋಟ ತಾಲೂಕು, ಸೊಲ್ಲಾಪುರ ಜಿಲ್ಲೆ) ಕೇಳಿದ ಪ್ರಶ್ನೆ

ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಬದು ಸರಿಪಡಿಸಲೆಂದು ಅಗೆಯುತ್ತಿದ್ದಾಗ ಮೊಣಕಾಲುದ್ದದ ಆಳದಲ್ಲಿ ಇಲಿಯ ಬಿಲವೊಂದು ತೆರೆದುಕೊಂಡಿತು. ಅದರ ಒಂದು ಕೋಣೆಯಲ್ಲಿ ಮಾಲದಂಡಿ ಜೋಳದ ತೆನೆಗಳನ್ನು ತುಂಡು ತುಂಡಾಗಿ ಕಡಿದು ಒತ್ತೊತ್ತಾಗಿ ತುಂಬಿದ್ದವು, ಬಿಲದ ಬಾಯಿಗೆ ಹುಡಿಮಣ್ಣು ಮೆತ್ತಿತ್ತು. ನಮ್ಮ ಹಿರಿಯರು ಹಗೇವು ತೋಡಿ, ಜೋಳ ತುಂಬಿ, ಬಾಯಿ ಮುಚ್ಚುತ್ತಿದ್ದ ಕ್ರಮವೇ ನೆನಪಾಯಿತು.

ಸೊಲ್ಲಾಪುರದಲ್ಲಿ ಓದುವ ಮಗಳು ಒಂದು ಹೊಂಬಣ್ಣದ ಹ್ಯಾಮ್‌ಸ್ಟರ್ ಸಾಕಿದ್ದಾಳೆ. ಅದು ಕೆನ್ನೆ ಉಬ್ಬುವಷ್ಟು ಕಾಳು ತುಂಬಿಕೊಂಡು ಹೋಗಿ ಪಂಜರದ ಮೂಲೆಯಲ್ಲಿ ಬಚ್ಚಿಡುತ್ತದೆ. ಎರಡೂ ಒಂದೇ ಕುಲದವು ಎಂಬುದು ಅವಳ ವಾದ. ಇದು ನಿಜವೇ? ಕಾಡು ಹ್ಯಾಮ್‌ಸ್ಟರ್ ನಮ್ಮ ದೇಶದಲ್ಲಿ ಇದೆಯೇ? ಅವಳು ಇನ್ನೊಂದನ್ನು ಜೊತೆಗೆ ತರಬೇಕೆಂದಿದ್ದಾಳೆ, ತರಬಹುದೇ?

ಬಾಗಿಲಹುಳಿ (ಜತ್ತ) ಉತ್ತರ

ಒಂದೇ ಕುಲವಲ್ಲ, ಆದರೆ ದೂರದ ದಾಯಾದಿಗಳು. ಹ್ಯಾಮ್‌ಸ್ಟರ್ ಸೇರುವುದು ಕ್ರೈಸಿಟಿಡೇ ಕುಟುಂಬಕ್ಕೆ. ವೋಲ್, ಲೆಮ್ಮಿಂಗ್ ಮತ್ತು ಅಮೆರಿಕ ಖಂಡಗಳ ಬಹುಪಾಲು ಕಾಡಿಲಿಗಳು ಅದರ ಬಂಧುಗಳು. ನಮ್ಮ ಮನೆಯಿಲಿ, ಚಿಟ್ಟಿಲಿ, ಹೆಗ್ಗಣಗಳೆಲ್ಲ ಮ್ಯೂರಿಡೇ ಕುಟುಂಬದವು. ಹೊಲದ ಬಿಲ ಇಲಿಯೂ, ಅಂದರೆ ಬಾಲದ ತುದಿಯಲ್ಲಿ ಕುಚ್ಚಿರುವ ಜರ್ಬಿಲ್ ಕೂಡ, ನೋಟಕ್ಕೆ ಬೇರೆಯಾದರೂ ಇದೇ ಕುಟುಂಬದ್ದು. ಎರಡು ಕುಟುಂಬಗಳು ಕವಲೊಡೆದು ಎರಡು ಕೋಟಿ ವರ್ಷಗಳೇ ಆಗಿವೆ.

ಗುರುತು ಇರುವುದು ಹಲ್ಲಿನಲ್ಲಿ. ಹ್ಯಾಮ್‌ಸ್ಟರ್‌ನ ಮೇಲಿನ ದವಡೆಹಲ್ಲಿನಲ್ಲಿ ಉಬ್ಬುಗಳು ಉದ್ದಕ್ಕೆ ಎರಡು ಸಾಲಾಗಿರುತ್ತವೆ, ಇಲಿ-ಹೆಗ್ಗಣಗಳಲ್ಲಿ ಒಳಬದಿಗೆ ಮೂರನೆಯ ಸಾಲೊಂದು ಸೇರಿಕೊಂಡಿದೆ. ಆ ಮೂರನೆಯ ಸಾಲು ಮೂಡಿದ ಕಥೆಯನ್ನು ಹೇಳುವ ಪಳೆಯುಳಿಕೆಗಳು ದೊರೆತದ್ದು ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳಲ್ಲಿ, ಅದರಲ್ಲೂ ಈಗಿನ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ. ಸುಮಾರು 1.4 ಕೋಟಿ ವರ್ಷಗಳ ಹಿಂದಿನ ಆಂಟೆಮಸ್ ಎಂಬ ಅಳಿದುಹೋದ ಇಲಿಯಲ್ಲಿ ಈ ಸಾಲು ಇನ್ನೂ ಪೂರ್ತಿ ಕೂಡಿಕೊಂಡಿಲ್ಲ. ಅನಂತರದ ಪ್ರೊಗೊನೊಮಿಸ್ ಎಂಬ ಇಲಿಯಲ್ಲಿ ಕೂಡಿಕೊಂಡಿದೆ. ನಾವು ಪೀಡೆಯೆಂದು ಬೈಯುವ ಇಲಿಯ ತವರು ಈ ಉಪಖಂಡವೇ ಇರಬೇಕು ಎಂಬ ವಿಚಾರ ನನಗೆ ಬಹಳ ಹಿಡಿಸುತ್ತದೆ.

ಹ್ಯಾಮ್‌ಸ್ಟರ್ ನಮ್ಮ ದಖ್ಖನಿನಲ್ಲಿ ಇಲ್ಲ. ಭಾರತದಲ್ಲಿ ಅದನ್ನು ನೋಡಬೇಕಾದರೆ ಲಡಾಖಿನ ಎತ್ತರದ ಒಣನೆಲಕ್ಕೆ ಹೋಗಬೇಕು.

ಪ್ರಶ್ನೆಗೆ ತುಸು ಹೊರಗಿನದಾದರೂ ಒಂದು ಮಾತು. ಪೊದೆಗಳಲ್ಲಿ ಹುಲ್ಲಿನ ಗೂಡು ಕಟ್ಟುವ ಇಲಿಯೊಂದಕ್ಕೆ ವಿಜ್ಞಾನದಲ್ಲಿ ಗೊಲುಂಡಾ ಎಲಿಯೊಟಿ ಎಂಬ ಹೆಸರಿದೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಅದರ ಕನ್ನಡ ಹೆಸರು ‘ಗುಲಂದಿ’ ಎಂದು ಬರೆದಿಟ್ಟಿದ್ದರು. 1837ರಲ್ಲಿ ಇಟ್ಟ ಶಾಸ್ತ್ರೀಯ ಹೆಸರಿನಲ್ಲಿ ಆ ಕನ್ನಡ ಪದ ಇಂದಿಗೂ ಉಳಿದಿದೆ. ನಿಮ್ಮ ಕಡೆ ಈ ಪದ ಇನ್ನೂ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಹಗೇವು (ಅಕ್ಕಲಕೋಟ) ಉತ್ತರ

ತೆನೆ ಕಡಿದು ಕೂಡಿಟ್ಟು, ಬಾಯಿಗೆ ಮಣ್ಣು ಮೆತ್ತಿತ್ತು ಎಂದರೆ ನೀವು ಕಂಡದ್ದು ಹೊಲದ ಸಣ್ಣ ಹೆಗ್ಗಣದ ಬಿಲವೇ ಇರಬೇಕು. ಅದಕ್ಕೆ ಕೆನ್ನೆಚೀಲವಿಲ್ಲ, ತೆನೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಎಳೆದೊಯ್ಯುತ್ತದೆ. ಹ್ಯಾಮ್‌ಸ್ಟರ್‌ನ ಕೆನ್ನೆಚೀಲವಾದರೋ ಭುಜದವರೆಗೆ ಹಿಗ್ಗುತ್ತದೆ. ಕಾಳು ಕೂಡಿಡುವ ಬುದ್ಧಿ ಎರಡು ಬೇರೆ ಬೇರೆ ಕುಟುಂಬಗಳಲ್ಲಿ ಬೇರೆ ಬೇರೆಯಾಗಿಯೇ ಬೆಳೆದದ್ದು, ಏಕೆಂದರೆ ಕೆಲವೇ ವಾರ ಕಾಳು ಸಿಕ್ಕಿ ಉಳಿದ ಕಾಲವೆಲ್ಲ ನೆಲ ಬರಿದಾಗುವ ಕಡೆ ಕೂಡಿಟ್ಟ ಪ್ರಾಣಿಯೇ ಬದುಕುತ್ತದೆ.

ಎರಡೂ ಬಿಲದಲ್ಲಿ ಒಂಟಿಯಾಗಿ ಇರುವಂಥವು ಎಂಬುದು ಮಾತ್ರ ಸಮಾನ. ಆದ್ದರಿಂದ ಮಗಳಿಗೆ ಹೇಳಿ, ಇನ್ನೊಂದನ್ನು ಅದೇ ಪಂಜರಕ್ಕೆ ತರುವುದು ಬೇಡ. ಬೆಳೆದ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳು ಸಾಯುವವರೆಗೂ ಕಾದಾಡಬಲ್ಲವು. ಸಾಕುವ ಈ ತಳಿಯೆಲ್ಲ ಬಹುಮಟ್ಟಿಗೆ 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಬಳಿ ಹೊಲವೊಂದನ್ನು ಅಗೆಸಿ ತೆಗೆದ ಒಂದೇ ತಾಯಿಯ ಮರಿಗಳ ಸಂತಾನ. ಕಾಳಾ ಅಜಾರ್ ರೋಗದ ಸಂಶೋಧನೆಗೆಂದು ಅವು ಬೇಕಾಗಿದ್ದವು. ಗರ್ಭಾವಧಿ ಸುಮಾರು 16 ದಿನ ಮಾತ್ರವಾದ್ದರಿಂದ ಪ್ರಯೋಗಾಲಯದಲ್ಲಿ ಬೇಗನೆ ಹೆಚ್ಚಿದವು. ಪಂಜರದಲ್ಲಿ ರಾತ್ರಿಯೆಲ್ಲ ಚಕ್ರ ತಿರುಗಿಸುವ ಇದೇ ಪ್ರಾಣಿ ತನ್ನ ನೆಲದ ಹೊಲಗಳಲ್ಲಿ ಹಗಲಿನಲ್ಲೇ ಹೊರಗೆ ಬರುತ್ತದೆ ಎಂದು ಅಲ್ಲಿ ನಡೆಸಿದ ವೀಕ್ಷಣೆಗಳು ತೋರಿಸಿವೆ.

ಬಿಳಿಜೋಳ (ಸೊಲ್ಲಾಪುರ) ಉತ್ತರ

ಜೋಳ ಉಣ್ಣುವ ಸೀಮೆಯವರಾದ ನಾವು ತಿಳಿಯಬೇಕಾದ ಸಂಗತಿಯೊಂದನ್ನು ಸೇರಿಸುತ್ತೇನೆ. ಯುರೋಪಿನ ಕಾಡು ಹ್ಯಾಮ್‌ಸ್ಟರ್ ಒಂದು ಕಾಲದಲ್ಲಿ ನಮ್ಮ ಹೆಗ್ಗಣದಂತೆಯೇ ಹೊಲದ ಪೀಡೆಯೆನಿಸಿ ಲಕ್ಷಗಟ್ಟಲೆ ಕೊಲ್ಲಲ್ಪಟ್ಟಿತು; 2020ರಲ್ಲಿ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಫ್ರಾನ್ಸಿನ ಅಲ್ಸೇಸ್ ಪ್ರದೇಶದಲ್ಲಿ ಹೊಲಗಳೆಲ್ಲ ಮೆಕ್ಕೆಜೋಳವಾದಾಗ ಅದಕ್ಕೆ ಬೇರೆ ಆಹಾರವೇ ಉಳಿಯಲಿಲ್ಲ. ಸ್ಟ್ರಾಸ್‌ಬರ್ಗ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೆಕ್ಕೆಜೋಳವನ್ನೇ ಮುಖ್ಯವಾಗಿ ತಿಂದ ತಾಯಂದಿರು ಹುಟ್ಟಿದ ಮರಿಗಳನ್ನು ಜೀವಂತವಾಗಿಯೇ ತಿಂದುಬಿಟ್ಟವು. ಕಾರಣ ಹಸಿವಲ್ಲ, ಬಿ3 ಜೀವಸತ್ವದ ಕೊರತೆ. ಅದನ್ನು ಆಹಾರದಲ್ಲಿ ಸೇರಿಸಿದ ಕೂಡಲೇ ತಾಯಂದಿರು ಮರಿಗಳನ್ನು ಸಾಕತೊಡಗಿದವು.

ಮನುಷ್ಯರಲ್ಲಿ ಇದೇ ಕೊರತೆ ಪೆಲಾಗ್ರ ರೋಗವಾಗುತ್ತದೆ. ಬಿಸಿಲು ತಾಗಿದ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಕದಡುತ್ತದೆ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ದಖ್ಖನಿನ ಜೋಳ ಉಣ್ಣುವ ಬಡವರಲ್ಲಿ ಈ ರೋಗವನ್ನು ಗುರುತಿಸಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಇದಕ್ಕೆ ಕಾರಣವೆಂದು 1960ರಲ್ಲಿ ಪ್ರತಿಪಾದಿಸಿದರು. ರೊಟ್ಟಿಯ ತಪ್ಪಲ್ಲ ಅದು, ರೊಟ್ಟಿಯ ಜೊತೆಗೆ ಬೇಳೆ, ಹಾಲು, ಶೇಂಗಾ ಇಲ್ಲದ ಬಡತನದ ತಪ್ಪು. ಅಲ್ಸೇಸಿನ ಹ್ಯಾಮ್‌ಸ್ಟರ್‌ಗೂ ಆದದ್ದು ಇದೇ. ಜೋಳದ ಸಾಲಿನ ನಡುವೆ ತೊಗರಿ, ಕುಸುಬೆ, ಕಡಲೆ ಬಿತ್ತುವ ನಮ್ಮ ಹಳೆಯ ಅಕ್ಕಡಿ ಪದ್ಧತಿಯ ಹೊಲ ಅದಕ್ಕೆ ಸಿಕ್ಕಿದ್ದರೆ ಬಹುಶಃ ಮರಿ ಉಳಿಯುತ್ತಿತ್ತು.

ಎರೆಹೊಲ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಹ್ಯಾಮ್‌ಸ್ಟರ್ ತರುವ ವಿಚಾರವನ್ನು ಮಗಳು ಕೈಬಿಟ್ಟಿದ್ದಾಳೆ, ಕಾಳಿನ ಜೊತೆ ಸೊಪ್ಪು ಮತ್ತು ಬೇಯಿಸಿದ ಮೊಟ್ಟೆಯ ಚೂರನ್ನು ಇಡುತ್ತಿದ್ದಾಳೆ. ‘ಗುಲಂದಿ’ ಎಂಬ ಪದವನ್ನು ತಾಯಿಯವರಲ್ಲಿ ಕೇಳಿದೆ, ಅವರು ಕೇಳಿಲ್ಲವಂತೆ. ಬರುವ ಅಮಾವಾಸ್ಯೆಗೆ ಊರಿನ ಹಿರಿಯ ಕುರಿಗಾಹಿಗಳು ಗುಡಿಗೆ ಬರುತ್ತಾರೆ, ಅವರನ್ನು ಕೇಳಿ ಇಲ್ಲಿಯೇ ಬರೆಯುತ್ತೇನೆ.