ಬರೀ ಕವರ್ (ಬೇರೆಯವರ ಹಾಡು) ಹಾಡಿರೋದನ್ನ ಆಲ್ಬಂ ಅಂತ ಲೆಕ್ಕಕ್ಕೆ ಹಿಡೀಬಹುದಾ?

ಬೈತಖೋಲ್_ಗಿಟಾರ್, ಕಾರವಾರ:
ಎಲ್ರಿಗೂ ನಮಸ್ಕಾರ. ಮೊನ್ನೆ ಮಾವನ ಮನೆ ಅಟ್ಟದಲ್ಲಿ ಮೆಟಾಲಿಕಾದ ಗರಾಜ್ ಇಂಕ್ ಸಿಕ್ತು, ಎರಡು ಸಿಡಿ, ಒಂದಕ್ಕೆ ಬೂಷ್ಟು ಹಿಡಿದಿತ್ತು ಆದ್ರೂ ಓಡ್ತು. ಕೇಳ್ತಾ ಕೂತ್ರೆ ಒಂದೂ ಅವರ ಸ್ವಂತ ಹಾಡಲ್ಲ! 1998ರ ಹೊತ್ತಿಗೆ ಅಷ್ಟು ದೊಡ್ಡ ಬ್ಯಾಂಡು, ಬೇರೆಯವರ ಹಾಡು ಎಂತಕ್ಕೆ? ಕೇಳೋಕೆ ಕಾರಣ ಇದೆ, ನಾವೂ ನಾಲ್ಕು ಜನ ಸೇರಿ ನುಡಿಸ್ತೀವಿ, ಎಲ್ಲಾ ಕವರ್ರೇ, ಹೋದ ತಿಂಗಳು ಒಬ್ರು ಬಂದು "ಇದ್ರಲ್ಲಿ ನಿಮ್ದು ಅಂತ ಏನಿದೆ" ಅಂದ್ಬಿಟ್ರು, ಅವತ್ತಿಂದ ಗಿಟಾರ್ ಮುಟ್ಟಿಲ್ಲ, ಸಮುದ್ರದ ಗಾಳಿಗೆ ತಂತಿ ಬೇರೆ ತುಕ್ಕು ಹಿಡೀತಾ ಇದೆ.

ಶಿರಸಿ_ಬಾಸ್:
ತಮಾ, ಮೊದ್ಲು ತಂತಿ ಒರೆಸಿಡು. ಎರಡ್ನೇ ಸಿಡಿ ಸರಿಯಾಗಿ ಕೇಳಿದ್ಯಾ? ಅದು 1998ರಲ್ಲಿ ಮಾಡಿದ್ದಲ್ಲ, 1987ರ ಇಪಿ (ಕೆಲವೇ ಹಾಡಿನ ಚಿಕ್ಕ ಆಲ್ಬಂ) ಮತ್ತೆ ಹಳೇ ಸಿಂಗಲ್‌ಗಳ ಹಿಂಬದಿ ಹಾಡು ಎಲ್ಲ ಒಟ್ಟು ಹಾಕಿದ್ದು. 1986ರಲ್ಲಿ ಅವರಲ್ಲಿ ಬಾಸ್ ಗಿಟಾರ್ ನುಡಿಸ್ತಿದ್ದ ಕ್ಲಿಫ್ ಬರ್ಟನ್ ಬಸ್ ಆಕ್ಸಿಡೆಂಟಲ್ಲಿ ತೀರಿಹೋದ, ಜೇಸನ್ ನ್ಯೂಸ್ಟೆಡ್ ಬಂದ, ಹೊಸಬನ್ನ ಕೂರಿಸ್ಕೊಂಡು ಮೊದ್ಲು ಹೊರಗೆ ಬಿಟ್ಟಿದ್ದೇ ಆ ಇಪಿ. ಬಾಸ್ ಹೆಂಗೆ ಗುಮ್ಮತ್ತೆ ನೋಡು ಅದ್ರಲ್ಲಿ! ಮುಂದಿನ ವರ್ಷದ ಆಲ್ಬಂ ಆಂಡ್ ಜಸ್ಟಿಸ್ ಫಾರ್ ಆಲ್‌ನಲ್ಲಿ ಅದೇ ಮನುಷ್ಯ ಇದಾನೋ ಇಲ್ವೋ ಅನ್ನೋ ಹಂಗೆ ಮಿಕ್ಸ್ ಮಾಡಿದಾರೆ, ನಂಗೆ ಇವತ್ತಿಗೂ ಸಿಟ್ಟು. ಮೊದಲ್ನೇ ಸಿಡಿ ಸ್ವಲ್ಪ ಜಾಸ್ತಿನೇ ನೀಟು.

ಕರಿಇಶಾಡ್, ಅಂಕೋಲಾ:
ನೀಟು ಅಂದ್ರೆ ಎಂತ ಮಾರಾಯಾ, ವಿಸ್ಕಿ ಇನ್ ದ ಜಾರ್ ಇರೋದು ಅದ್ರಲ್ಲೇ. 2000ದಲ್ಲಿ ಗ್ರ್ಯಾಮಿ ಬಂತಲ್ಲ ಅದಕ್ಕೆ.

ಬಡಗಿನ_ಭಾವ, ಹೊನ್ನಾವರ:
ಆ ಹಾಡು ಐರಿಶ್ ಜನಪದ. 1972ರಲ್ಲಿ ಥಿನ್ ಲಿಝಿ ಬ್ಯಾಂಡಿನವ್ರು ಅದಕ್ಕೆ ಗಿಟಾರ್ ಸೇರಿಸಿ ರಾಕ್ ಮಾಡಿದ್ರು, ಮೆಟಾಲಿಕಾ ಹಿಡ್ಕೊಂಡಿದ್ದು ಆ ದಾರೀನೇ, ಅಂದ್ರೆ ಕವರಿನ ಕವರ್. ನಮ್ಮ ಯಕ್ಷಗಾನದಲ್ಲಿ ಯಾರಾದ್ರೂ ಭಾಗವತರಿಗೆ "ಪ್ರಸಂಗ ನಿಮ್ದಲ್ವಲ್ಲ" ಅಂತಾರಾ? ನೆಬ್ಬೂರು ಭಾಗವತರು ಹೇಳಿದ ಪದ್ಯಾನೇ ಇನ್ನೊಬ್ರು ಹೇಳ್ವಾಗ ಎಲ್ಲಿ ಎಳೀತಾರೆ ಎಲ್ಲಿ ಬಿಡ್ತಾರೆ ಅಂತ ಕೇಳೋಕೆ ತಾನೆ ರಾತ್ರಿಯಿಡೀ ಕೂರೋದು. ಆದ್ರೆ ಒಂದು, ಸಿಡಿಯಲ್ಲಿ ಇದ್ದಿದ್ದನ್ನ ಹಂಗಂಗೇ ಇಳಿಸ್ತಾ ಇದ್ರೆ ಅವ್ರು ಕೇಳಿದ್ರಲ್ಲಿ ತಪ್ಪಿಲ್ಲ. ನೀವೇನಾದ್ರೂ ಬದಲಾಯಿಸಿದೀರಾ?

ಬೈತಖೋಲ್_ಗಿಟಾರ್:
ಬದಲಾಯಿಸಿದ್ದು ಅಂತೇನಿಲ್ಲ ಅಣ್ಣ, ಒಂದೇ ಒಂದ್ಸಲ ಮಳೇಲಿ ಡ್ರಮ್ ಸೆಟ್ ತರೋಕಾಗ್ದೆ ನಮ್ಮ ಡ್ರಮ್ಮರ್ ಅವನ ಅಜ್ಜನ ಗುಮಟೆ (ಚರ್ಮ ಬಿಗಿದ ಮಣ್ಣಿನ ವಾದ್ಯ) ತಂದಿದ್ದ, ಥಂಡಿಗೆ ಚರ್ಮ ಸಡಿಲ ಆಗಿ ಒಲೆ ಹತ್ರ ಹಿಡಿದು ಬಿಸಿ ಮಾಡಿ ಮಾಡಿ ಬಾರಿಸ್ದ, ಹಾಡು ಅರ್ಧ ಸ್ಪೀಡಿಗೆ ಇಳೀತು, ಎಲ್ರೂ ನಕ್ಕಿದ್ದೇ ನಕ್ಕಿದ್ದು. ಫೋನಲ್ಲಿ ರೆಕಾರ್ಡಿಂಗ್ ಇದೆ, ಯಾರಿಗೂ ಕೇಳಿಸಿಲ್ಲ.

ಶಿರಸಿ_ಬಾಸ್:
ಅದನ್ನ ಹಾಕು ತಮಾ ಇಲ್ಲಿ. ನಗೆಲ್ಲಾ ಕಟ್ ಮಾಡಡ, ಹಂಗೇ ಇರ್ಲಿ.