ಸಹಾಯ ಬೇಕು: ಸಾಂಗ್ ಕಾಲದ ಆಸ್ಥಾನ ಮತ್ತು ಚಹಾದ ನೊರೆ

ಬಳಗದ ಎಲ್ಲರಿಗೂ ನಮಸ್ಕಾರ.

ಹದಿಹರೆಯದ ಓದುಗರಿಗಾಗಿ ಕನ್ನಡದಲ್ಲಿ ಒಂದು ಮಾಂತ್ರಿಕ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಚೀನಾದ ಸಾಂಗ್ ಚಕ್ರವರ್ತಿ ಹ್ವೀಜೊಂಗನ ಆಸ್ಥಾನದಲ್ಲಿ. 1107ರಲ್ಲಿ ಚಹಾದ ಬಗ್ಗೆ ತಾನೇ ಗ್ರಂಥ ಬರೆದ ದೊರೆ ಅವನು. ಚಹಾದ ನೊರೆಯಲ್ಲಿ ಕುಡಿಯುವವರ ಮನಸ್ಸಿನ ಗುಟ್ಟನ್ನು ಓದಬಲ್ಲ ಹುಡುಗಿಯೊಬ್ಬಳು ಅಲ್ಲಿನ ಒಳಸಂಚಿಗೆ ಸಿಲುಕುತ್ತಾಳೆ.

ಅಂದಿನ ಚಹಾ ಸ್ಪರ್ಧೆಗಳಲ್ಲಿ, ಒತ್ತಿ ಮಾಡಿದ ಚಹಾ ಬಿಲ್ಲೆಯನ್ನು ನುಣ್ಣಗೆ ಪುಡಿಮಾಡಿ, ಜರಡಿ ಹಿಡಿದು, ಬೆಚ್ಚಗೆ ಮಾಡಿದ ಬಟ್ಟಲಿಗೆ ಹಾಕಿ, ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತ ಬಿದಿರಿನ ಕಡ್ಡಿಗಳ ಪುಟ್ಟ ಕಡೆಗೋಲಿನಿಂದ ಕಡೆಯುತ್ತಿದ್ದರು. ಬಿಳಿ ನೊರೆ ಎದ್ದು ಕಾಣಲೆಂದು ಫೂಜಿಯಾನ್ ಪ್ರಾಂತ್ಯದ ಕಪ್ಪು ಬಟ್ಟಲುಗಳನ್ನೇ ಆರಿಸುತ್ತಿದ್ದರು. ಯಾರ ಬಟ್ಟಲಿನಲ್ಲಿ ನೊರೆ ಮೊದಲು ಇಳಿದು ಅಂಚಿನಲ್ಲಿ ನೀರಿನ ಗೆರೆ ಮೂಡುತ್ತದೆಯೋ ಅವರು ಸೋತಂತೆ. ಇಷ್ಟು ಸೂಕ್ಷ್ಮವಾದ ಸೋಲು ಬೇರೆ ಯಾವ ಪಂದ್ಯದಲ್ಲಿದ್ದೀತು!

ನನ್ನ ಕಥೆಯ ಮಂತ್ರಿಯೊಬ್ಬ ಹುಡುಗಿಯನ್ನು ಸೋಲಿಸಲು ಅವಳ ಬಟ್ಟಲಿನ ಒಳಮೈಗೆ ಜಿಡ್ಡು ಸವರಿಸುತ್ತಾನೆ. ಪುಡಿ ಚಹಾವನ್ನು ಕಡೆದು ರೂಢಿಯಿರುವವರು ದಯವಿಟ್ಟು ತಿಳಿಸಬೇಕು: ಜಿಡ್ಡಿದ್ದರೆ ನೊರೆ ಏಳುವುದೇ ಇಲ್ಲವೋ, ಎದ್ದು ಬೇಗ ಒಡೆಯುತ್ತದೆಯೋ? ಕಡೆಯುವಾಗಲೇ ಕೈಗೆ ಅಥವಾ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ? ಮಾಂತ್ರಿಕತೆ ಎಷ್ಟೇ ಇರಲಿ, ಕೈಕೆಲಸದ ವಿವರ ಸುಳ್ಳಾಗಬಾರದೆಂಬುದು ನನ್ನ ಹಟ.

ಹಳೆಯ ಚೀನೀ ಭಾಷೆ ಓದಬಲ್ಲವರು ಬಳಗದಲ್ಲಿದ್ದರೆ, ಚಕ್ರವರ್ತಿಯ ಗ್ರಂಥದಲ್ಲಿ ನೀರು ಹೊಯ್ಯುವ ಹಂತಗಳನ್ನು ವಿವರಿಸಿರುವ ಭಾಗವನ್ನು ಅರ್ಥಮಾಡಿಕೊಳ್ಳಲು ನೆರವಾಗಬೇಕೆಂದು ಕೋರುತ್ತೇನೆ.