ಸಹಾಯ ಬೇಕು: ಜಾವಾ 21ಕ್ಕೆ ಬಂದಮೇಲೆ ಕೇಳದೇ ಆಗುತ್ತಿರುವ ಓವರ್‌ರೈಡ್

ಎಲ್ಲರಿಗೂ ನಮಸ್ಕಾರ. ಹಳೇ ಪ್ರಾಜೆಕ್ಟ್ ಒಂದನ್ನು ಜಾವಾ 17ರಿಂದ 21ಕ್ಕೆ ತರುತ್ತಿದ್ದೇನೆ. ಅದರಲ್ಲಿ ಅರೇಲಿಸ್ಟನ್ನು (ಜಾವಾದಲ್ಲೇ ಬರುವ ಲಿಸ್ಟ್ ಕ್ಲಾಸ್) ಎಕ್ಸ್‌ಟೆಂಡ್ ಮಾಡಿದ, ಅಂದರೆ ಅದರ ಮೇಲೆ ಕಟ್ಟಿದ, ಎರಡು ಕ್ಲಾಸ್‌ಗಳಿವೆ. ಎರಡರಲ್ಲೂ ಮೊದಲ ಐಟಂ ಕೊಡುವ ಗೆಟ್‌ಫಸ್ಟ್ ಅನ್ನೋ ಮೆಥಡ್ ಇದೆ. 17ರಲ್ಲಿ ಅದು ನಮ್ಮ ಸ್ವಂತದ್ದು, ಯಾವುದನ್ನೂ ಓವರ್‌ರೈಡ್ ಮಾಡುತ್ತಿರಲಿಲ್ಲ, ಅಂದರೆ ಮೂಲ ಕ್ಲಾಸ್‌ನ ಅದೇ ಹೆಸರಿನ ಮೆಥಡ್‌ನ ಜಾಗಕ್ಕೆ ಬರುತ್ತಿರಲಿಲ್ಲ. 21ರಲ್ಲಿ ಸೀಕ್ವೆನ್ಸ್ಡ್ ಕಲೆಕ್ಷನ್ (ಕ್ರಮ ಇರುವ ಕಲೆಕ್ಷನ್‌ಗಳ ಹೊಸ ಇಂಟರ್‌ಫೇಸ್) ಬಂತಲ್ವಾ, ಲಿಸ್ಟ್‌ಗೇ ಗೆಟ್‌ಫಸ್ಟ್, ಗೆಟ್‌ಲಾಸ್ಟ್, ರಿಮೂವ್‌ಫಸ್ಟ್, ರಿವರ್ಸ್ಡ್ ಎಲ್ಲ ಸೇರಿಕೊಂಡವು.

ಮೊದಲನೇ ಕ್ಲಾಸ್‌ನ ಗೆಟ್‌ಫಸ್ಟ್ ಆಪ್ಷನಲ್ (ಒಳಗೆ ಐಟಂ ಇರಬಹುದು, ಇಲ್ಲದೆಯೂ ಇರಬಹುದು ಅನ್ನೋ ಟೈಪ್) ಕೊಡುತ್ತದೆ. ರಿಟರ್ನ್ ಟೈಪ್ ಹೊಂದುತ್ತಿಲ್ಲ ಅಂತ ಕಂಪೈಲರ್ ಎರರ್. ಪರವಾಗಿಲ್ಲ, ಹೆಸರು ಬದಲಿಸಿದರೆ ಮುಗೀತು.

ತಲೆನೋವು ಎರಡನೆಯದು. ರಿಟರ್ನ್ ಟೈಪ್ ಸರಿಯಿದೆ, ಕಂಪೈಲ್ ಆಗುತ್ತದೆ, ಒಂದು ವಾರ್ನಿಂಗ್ ಕೂಡ ಇಲ್ಲ. ಆದರೆ ಲಿಸ್ಟ್ ಖಾಲಿ ಇದ್ದಾಗ ನಮ್ಮದು ನಲ್ (ಏನೂ ಇಲ್ಲ ಅನ್ನೋ ಬೆಲೆ) ಕೊಡುತ್ತದೆ. ಜಾವಾದ ನಿಯಮದ ಪ್ರಕಾರ ನೋಸಚ್‌ಎಲಿಮೆಂಟ್‌ಎಕ್ಸೆಪ್ಷನ್ (ಐಟಂ ಇಲ್ಲ ಅನ್ನೋ ಎರರ್) ಬರಬೇಕು. ಇದೂ ಮಾಮೂಲಿ ಲಿಸ್ಟ್ ಅಂತ ನಂಬಿ ಹೊಸ ಕೋಡ್ ಕರೆದರೆ, ಆ ನಲ್ ಇನ್ನೆಲ್ಲೋ ಹೋಗಿ ಒಡೆಯುತ್ತದೆ.

ಹೀಗೆ ಸದ್ದಿಲ್ಲದೆ ಓವರ್‌ರೈಡ್ ಆದವನ್ನು ಇಡೀ ಕೋಡ್‌ಬೇಸ್‌ನಲ್ಲಿ ಹುಡುಕೋದು ಹೇಗೆ? ಮೆಥಡ್ ಮೇಲೆ ಬರೆಯುವ @ಓವರ್‌ರೈಡ್ ಗುರುತು ಇಲ್ಲಿ ಉಪಯೋಗಕ್ಕಿಲ್ಲ. ಓವರ್‌ರೈಡ್ ಆಗದೇ ಇದ್ದರೆ ಅದು ಹೇಳುತ್ತದೆ, ಬೇಡದೇ ಆಗಿಬಿಟ್ಟರೆ ಸುಮ್ನಿರುತ್ತದೆ. ಕೋಡ್ ಬರೆಯುವ ಇಂಟೆಲಿಜೆಯಲ್ಲಿ, ಓವರ್‌ರೈಡ್ ಆಗಿದ್ದರೂ @ಓವರ್‌ರೈಡ್ ಇಲ್ಲದ್ದನ್ನು ತೋರಿಸುವ ಇನ್‌ಸ್ಪೆಕ್ಷನ್ ಇದೆ. ಆದರೆ ನನಗೆ ಬೇಕಿರೋದು ಮೇವನ್ (ಬಿಲ್ಡ್ ಟೂಲ್) ಬಿಲ್ಡನ್ನೇ ನಿಲ್ಲಿಸುವಂಥದ್ದು. ಕಂಪೈಲ್ ಆಗುವಾಗಲೇ ತಪ್ಪು ಹಿಡಿಯುವ ಎರರ್‌ಪ್ರೋನ್‌ನ ಮಿಸ್ಸಿಂಗ್‌ಓವರ್‌ರೈಡ್ ಚೆಕ್ ಯಾರಾದರೂ ಇದಕ್ಕೆ ಬಳಸಿದ್ದೀರಾ? ದೊಡ್ಡ ಪ್ರಾಜೆಕ್ಟ್‌ನಲ್ಲಿ ಬೇಡದ ಎರರ್ ಜಾಸ್ತಿ ಬರುತ್ತವಾ?

ಇನ್ಹೆರಿಟೆನ್ಸ್ (ಹೀಗೆ ಎಕ್ಸ್‌ಟೆಂಡ್ ಮಾಡೋದು) ಬಿಟ್ಟು ಲಿಸ್ಟನ್ನು ಒಳಗೆ ಫೀಲ್ಡ್ ಆಗಿ ಇಟ್ಟುಕೊಳ್ಳಿ ಅನ್ನೋದನ್ನು ಒಪ್ಪುತ್ತೇನೆ. ಆದರೆ ಬೇರೆ ಟೀಮ್‌ನವರೂ ಈ ಕ್ಲಾಸನ್ನು ಅರೇಲಿಸ್ಟ್ ಆಗಿಯೇ ಬಳಸುತ್ತಿದ್ದಾರೆ. ಈ ರಿಲೀಸ್‌ಗೆ ಅದು ಆಗಲ್ಲ.